ವೈವಾ ಮುಗೀತು, ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು

ಮೊನ್ನೆ ಪಿಎಚ್‌ಡಿ ವೈವಾ ಆಯ್ತು, ಪಾಸ್! ವಿಷ್ ಮಾಡಿದ ಒಬ್ಬೊಬ್ಬರಿಗೂ ರಿಪ್ಲೈ ಮಾಡಕ್ಕೆ ಆಗಿಲ್ಲ, ಬೇಜಾರ್ ಮಾಡ್ಕೋಬೇಡಿ. ಥೀಸಿಸ್ ಒಳಗೆ ಇಂಗ್ಲಿಷಲ್ಲಿ ಥ್ಯಾಂಕ್ಸ್ ಹೇಳಿದೀನಿ, ಆದ್ರೆ ಯಾರಿಗೆ ಜಾಸ್ತಿ ಹೇಳ್ಬೇಕೋ ಅವರು ಅದನ್ನ ತೆಗೆದು ನೋಡೋದೇ ಇಲ್ಲ, ಅದಕ್ಕೆ ಇಲ್ಲಿ.

ಕೆಲಸ ಏನಪ್ಪಾ ಅಂದ್ರೆ, ಮುಂಗಾರು ಕೈ ಕೊಟ್ರೆ ಕರ್ನಾಟಕದ ಕರೆಂಟ್ ಗತಿ ಏನು ಅನ್ನೋದು. ಎರಡು ಯೂನಿವರ್ಸಿಟಿ ಸೇರಿ ಮಾಡಿದ ಪ್ರಾಜೆಕ್ಟು, ಒಂದು ಕಡೆ ಹವಾಮಾನದ ಸರ್, ಇನ್ನೊಂದು ಕಡೆ ಎನರ್ಜಿ ಪಾಲಿಸಿ ಮೇಡಂ, ಇಬ್ಬರೂ ನನ್ನ ಗೈಡ್. ಎರಡು ದೋಣೀಲಿ ಕಾಲಿಡ್ತಿದೀಯ ಅಂತ ಹೇಳ್ದೋರು ಕಮ್ಮಿ ಏನಿಲ್ಲ.

ಅವರಿಬ್ಬರ ಜಗಳಕ್ಕೇ ಮೊದಲ ಥ್ಯಾಂಕ್ಸ್. ಸರ್ ತಿಂಗಳ ಸರಾಸರಿ ಮಳೆ, ಮೋಡ ಅಂತ ಗ್ರಾಫ್ ತೋರಿಸಿದ್ರೆ ಮೇಡಂ "ಗ್ರಿಡ್ ನಡೆಸೋರಿಗೆ ಕರೆಂಟ್ ಲೆಕ್ಕದಲ್ಲಿ ದಿನ ಅಂದ್ರೆ 15 ನಿಮಿಷದ 96 ಬ್ಲಾಕು, ನಿಮ್ಮ ತಿಂಗಳ ಸರಾಸರಿ ಇಟ್ಕೊಂಡು ಅವರೇನು ಮಾಡ್ಬೇಕು ಸರ್?" ಅನ್ನೋರು. "ಮೋಡಕ್ಕೆ ನಿಮ್ಮ ಬ್ಲಾಕ್ ಗೊತ್ತಿಲ್ಲ ಮೇಡಂ" ಅಂತ ಇವರು. ಮಧ್ಯ ಕೂತು ನಾನು ಟೀ ಕುಡೀತಿದ್ದೆ. ನನ್ನ ಮೂರನೇ ಚಾಪ್ಟರ್ ಪೂರ್ತಿ ಹುಟ್ಟಿದ್ದು ಆ ಜಗಳದಿಂದ.

ಆಮೇಲೆ 2023 ಬಂತು. ಆ ವರ್ಷದ ಆಗಸ್ಟು ಇಡೀ ದೇಶಕ್ಕೆ 1901ರಿಂದೀಚೆಗೆ ಅತೀ ಕಮ್ಮಿ ಮಳೆ ಬಿದ್ದ ಆಗಸ್ಟು. ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದು ಸೋಲಾರ್ ಇಳಿದ್ರೂ ಚಿತ್ರದುರ್ಗ, ಗದಗ ಕಡೆ ಗಾಳಿ ಫ್ಯಾನ್‌ಗಳು ಜೋರಾಗಿ ತಿರುಗ್ತವೆ, ಕರೆಂಟ್ ಹುಟ್ಟಿಸೋ ಲಿಂಗನಮಕ್ಕಿ ಡ್ಯಾಮು ತುಂಬ್ತಾ ಇರುತ್ತೆ, ಹಂಗೆ ಹೆಂಗೋ ಸರಿದೂಗುತ್ತೆ. ಆ ವರ್ಷ ಡ್ಯಾಮೇ ತುಂಬಲಿಲ್ಲ, ಅದೇ ಹೊತ್ತಿಗೆ ಮಳೆ ಇಲ್ಲ ಅಂತ ರೈತರು ಪಂಪ್‌ಸೆಟ್ ಆನ್ ಮಾಡಿದ್ರು, ಅಕ್ಟೋಬರಲ್ಲಿ ಪಂಪ್‌ಸೆಟ್ ತ್ರೀ ಫೇಸ್ ಕರೆಂಟು 7 ಗಂಟೆಯಿಂದ 5 ಗಂಟೆಗೆ ಇಳೀತು. ಕರೆಂಟು ಹುಟ್ಟೋದು ಕಮ್ಮಿ ಆಗೋದು, ಬೇಡಿಕೆ ಏರೋದು, ಎರಡಕ್ಕೂ ಕಾರಣ ಅದೇ ಮಳೆ! ಇದು ಒಂದೇ ಡಿಪಾರ್ಟ್‌ಮೆಂಟಲ್ಲಿ ಕೂತಿದ್ರೆ ನನಗೆ ಅರ್ಧ ಮಾತ್ರ ಕಾಣ್ತಿತ್ತು.

ಪಾವಗಡದ ತಿರುಮಣಿ ಜನಕ್ಕೆ ಎಷ್ಟು ಹೇಳಿದ್ರೂ ಸಾಲದು. 2050 ಮೆಗಾವ್ಯಾಟಿನ ಸೋಲಾರ್ ಪಾರ್ಕು, ಐದು ಹಳ್ಳಿ ಸೇರಿ ಸುಮಾರು 13,000 ಎಕರೆ, ಜಮೀನು ಕೊಂಡಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರು ಮಾಡಿ ಗುತ್ತಿಗೆಗೆ ತಗೊಂಡಿರೋದು. ನಾವು ಪೇಪರಲ್ಲಿ ಓದಿ ಒಳ್ಳೇ ಸ್ಕೀಮ್ ಅಂತ ಹೊಗಳ್ತಿದ್ವಿ (ಈಗ್ಲೂ ಪೂರ್ತಿ ಕೆಟ್ಟದ್ದು ಅನ್ನಲ್ಲ). ಅಲ್ಲಿ ಒಬ್ಬರು ಅಜ್ಜಿ ಕುರಿ ಮಾರಿ ಕೂತಿದ್ರು, ಮೇಯಿಸಕ್ಕೆ ಬಯಲು ಇಲ್ಲ, ಹೆಸರಲ್ಲಿ ಜಮೀನಿಲ್ಲ, ಅಂದ್ಮೇಲೆ ಗುತ್ತಿಗೆ ದುಡ್ಡೂ ಇಲ್ಲ. "ಬಿಸ್ಲು ಎಲ್ಲಾರ್ದೂ ಅಲ್ವೇನಪ್ಪ" ಅಂದ್ರು, ತೆಲುಗು ಬೆರೆತ ಕನ್ನಡದಲ್ಲಿ. ಸರ್ ಆವತ್ತು ಜೊತೇಲಿದ್ರು, ವಾಪಸ್ ಬರ್ತಾ ಜೀಪಲ್ಲಿ "ಭೂಮಿ ಇಲ್ಲದೋರ ಲೆಕ್ಕ ಸೇರಿಸದೆ ಥೀಸಿಸ್ ಸಬ್ಮಿಟ್ ಮಾಡ್ಬೇಡ" ಅಂತ ಅವರೇ ಅಂದ್ರು, ಮೇಡಂ ಅಲ್ಲ! ನನ್ನ ತೆಲುಗು ಅಷ್ಟಕ್ಕಷ್ಟೇ, ಮನೆಮನೆಗೆ ಜೊತೆ ಬಂದು ಮಾತಾಡ್ಸಿದ ಆ ಊರಿನ ಹುಡುಗನಿಗೆ ದೊಡ್ಡ ನಮಸ್ಕಾರ.

ಫೆಲೋಶಿಪ್ ನಿಂತ ಕಾಲಾನೂ ಹೇಳ್ಬೇಕು. ಈ ಯೂನಿವರ್ಸಿಟಿಯೋರು ಅವರು ಕೊಡ್ಬೇಕು ಅಂತಾರೆ, ಆ ಯೂನಿವರ್ಸಿಟಿಯೋರು ಇವರು ಕೊಡ್ಬೇಕು ಅಂತಾರೆ, ಒಪ್ಪಂದದ ಪೇಪರಲ್ಲಿ ಇಬ್ಬರ ಲೋಗೋನೂ ಚೆನ್ನಾಗಿದೆ. ಆವಾಗ ಅಕೌಂಟ್ಸ್ ಸೆಕ್ಷನ್ನಿನ ಅಕ್ಕ ಒಬ್ಬರು ಫೈಲ್ ಕೈಲಿ ಹಿಡ್ಕೊಂಡು ಟೇಬಲ್ಲಿಂದ ಟೇಬಲ್ಲಿಗೆ ತಾವೇ ಹೋಗಿ ಸೈನ್ ಹಾಕ್ಸಿದ್ರು, ಬಾಡಿಗೆ ಕಟ್ಟಿದ್ದು ಅವರ ಪುಣ್ಯದಿಂದ. ಅಲ್ಲೀವರೆಗೆ ಮೆಸ್ ಬಿಲ್ ಕೊಟ್ಟ ರೂಮ್‌ಮೇಟಿಗೆ, ರಾತ್ರಿ ಸರ್ವರ್ ಸತ್ತಾಗ ಎದ್ದು ಬಂದ ಲ್ಯಾಬ್ ಟೆಕ್ನಿಷಿಯನ್ ಅಣ್ಣಂಗೆ, "ಯಾವಾಗ ಮುಗಿಯುತ್ತೆ" ಅಂತ ಕೇಳೋದು ಬಿಟ್ಟು "ಊಟ ಆಯ್ತಾ" ಅಂತ ಕೇಳಿದ ಅಪ್ಪ ಅಮ್ಮಂಗೆ ಥ್ಯಾಂಕ್ಸ್.

ತಿರುಮಣಿಗೆ ಮುಂದಿನ ತಿಂಗಳು ಕನ್ನಡದಲ್ಲಿ ಬರೆದ ಸಾರಾಂಶ ತಗೊಂಡು ಹೋಗ್ತಿದೀನಿ, ಮೇಡಂ, ಸರ್ ಇಬ್ಬರೂ ಬರ್ತಾರೆ. ಪಾರ್ಟಿ ಪಾರ್ಟಿ ಅಂತ ಕೇಳ್ತಿರೋರಿಗೆ, ಕೊನೇ ಕಂತಿನ ಫೆಲೋಶಿಪ್ ಇನ್ನೂ ಬಂದಿಲ್ಲ, ಬಂದ ದಿನ ಬಿರಿಯಾನಿ ನನ್ನ ಲೆಕ್ಕ.