ನೀರುನಾಯಿ ನೋಡಬೇಕಾದರೆ ಹರಿಗೋಲು ತಿರುಗಿಸಬೇಡ

ಪ್ರೀತಿಯ ದೋಸ್ತ ಬಸವರಾಜ,

ಮುರುಡೇಶ್ವರದ ಹತ್ತಿರ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ನಿನ್ನ ಫೋಟೋಗಳು ಬಂದವು. ಹವಳದ ಮೇಲೆ ಕಾಲಿಡಬೇಡಿ, ಏನನ್ನೂ ಮುಟ್ಟಬೇಡಿ ಅಂತ ದೋಣಿಯಲ್ಲೇ ಹೇಳಿ ನೀರಿಗಿಳಿಸಿದರು ಅಂತ ಬರೆದಿದ್ದೆಯಲ್ಲ, ಅದು ನನಗೆ ಬಹಳ ಹಿಡಿಸಿತು. ಹವಳ ಕಲ್ಲಿನ ಹಾಗೆ ಕಂಡರೂ ಜೀವ ಇರುವಂಥದ್ದು. ಕೆಲವು ಜಾತಿ ವರ್ಷಕ್ಕೆ ಒಂದು ಸೆಂಟಿಮೀಟರ್ ಕೂಡ ಬೆಳೆಯುವುದಿಲ್ಲ.

ನಮ್ಮ ಗಂಗಾವತಿ ಕಡೆ ಇಂಥದ್ದೇನಾದರೂ ಇದೆಯಾ, ಮಕ್ಕಳನ್ನು ಕರೆದುಕೊಂಡು ಬರಲಾ ಅಂತ ಕೇಳಿದ್ದೀಯ. ಇದೆ, ಬಾ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ನೀರುನಾಯಿಗಳಿಗಾಗಿಯೇ ದೇಶದಲ್ಲಿ ಮೊದಲು ಆಗಿದ್ದು ಇದು.

ಸ್ನಾರ್ಕ್ಲಿಂಗ್, ಅಂದರೆ ಕೊಳವೆಯಿಂದ ಉಸಿರಾಡುತ್ತಾ ಮುಖ ಮುಳುಗಿಸಿ ನೀರೊಳಗೆ ನೋಡುವುದು, ಅದನ್ನು ಮಾತ್ರ ಇಲ್ಲಿ ಮರೆತುಬಿಡು. ನೀರು ಕಲಕಿರುತ್ತದೆ, ಬಂಡೆ ಸಂದಿಗಳಲ್ಲಿ ಸೆಳೆತ ಜಾಸ್ತಿ, ಮೊಸಳೆಗಳೂ ಇವೆ. ಸಣಾಪುರದ ಕಡೆ ಈಜಲು ಇಳಿದು ಜೀವ ಕಳೆದುಕೊಂಡವರಿದ್ದಾರೆ. ಮಕ್ಕಳು ನೀರಿಗಿಳಿಯುವ ಮಾತೇ ಬೇಡ.

ನಮ್ಮದು ಹರಿಗೋಲು. ಬಿದಿರಿನ ಹೆಣಿಗೆ, ಹೊರಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಹಿಂದೆಲ್ಲ ತೊಗಲು ಹೊದಿಸುತ್ತಿದ್ದರು. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿ ಹತ್ತಿರ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಅವು ಸುತ್ತುತ್ತಲೇ ಸಾಗುತ್ತವೆ ಅಂತಲೂ ಬರೆದಿದ್ದಾನೆ.

ಈಗ ಬೇಕಂತಲೇ ಸುತ್ತಿಸುತ್ತಾರೆ, ಬಸವರಾಜ. ರೀಲ್ಸ್‌ಗೋಸ್ಕರ ಗಿರಗಿರ ತಿರುಗಿಸಿ ಅನ್ನುವುದು, ಮೊಬೈಲಲ್ಲಿ ಹಾಡು, ಕಿರುಚಾಟ. ಅಂಬಿಗರನ್ನು ನಾನು ದೂರುವುದಿಲ್ಲ. ದುಡ್ಡು ಕೊಡುವವರು ಕೇಳಿದ್ದನ್ನು ಅವರು ಮಾಡುತ್ತಾರೆ, ಅವರ ಹೊಟ್ಟೆಪಾಡು ಅದು. ಅದಕ್ಕೇ ನೀನು ಬೇರೆಯದನ್ನು ಕೇಳು. ತಿರುಗಿಸಬೇಡ ಅಣ್ಣಾ, ಬಂಡೆ ಪಕ್ಕಕ್ಕೆ ಹೋಗದೆ ದೂರದಿಂದಲೇ ನಿಧಾನ ಹುಟ್ಟು ಹಾಕು ಅನ್ನು. ಹೊಳೆಯನ್ನು ಚೆನ್ನಾಗಿ ಬಲ್ಲವರು ಅವರು, ಖುಷಿಯಿಂದಲೇ ತೋರಿಸುತ್ತಾರೆ.

ಯಾಕೆ ದೂರ ಅಂದರೆ, ನೀರುನಾಯಿಗಳ ಮನೆ ಆ ಬಂಡೆ ಸಂದಿಗಳೇ. ಮರಿ ಹಾಕುವುದು, ಮೈ ಒಣಗಿಸಿಕೊಳ್ಳುವುದು ಎಲ್ಲ ಅಲ್ಲೇ. ಬಂಡೆ ಮೇಲೆ ಅವುಗಳ ಹಿಕ್ಕೆ ಒಣಗಿ ಬಿದ್ದಿರುತ್ತದೆ. ನೋಡಿದರೆ ಬರೀ ಮೀನಿನ ಹುರುಪೆ, ಸಣ್ಣ ಮುಳ್ಳು. ಬಿಸಿಲಿಗೆ ಮಿಣಮಿಣ ಹೊಳೆಯುತ್ತದೆ. ಇವು ಒಂಟಿಯಾಗಿ ಇರುವುದು ಕಡಿಮೆ, ಇಡೀ ಕುಟುಂಬ ಒಟ್ಟಿಗೆ ಮೀನು ಹಿಡಿಯುತ್ತದೆ. ಮೊದಲು ಒಂದು ತಲೆ ಏಳುತ್ತದೆ, ಚಪ್ಪಟೆ, ಕಂದು, ಮೀಸೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಆಮೇಲೆ ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಕಿಚಕಿಚ ಅಂತ ಒಂದನ್ನೊಂದು ಕರೆಯುತ್ತವೆ. ನಮ್ಮ ಗಲಾಟೆ ಕೇಳಿದರೆ ಮುಳುಗಿ ಎಲ್ಲೋ ಏಳುತ್ತವೆ, ಸುಮ್ನೆ ಕೂತರೆ ನಮ್ಮ ಮುಂದೆಯೇ ಮೀನು ಕಚ್ಚಿಕೊಂಡು ತಿನ್ನುತ್ತವೆ. ಸಿಡಿಮದ್ದು ಹಾಕಿ ಮೀನು ಹಿಡಿಯುವವರಿಂದ, ಮರಳು ತೆಗೆಯುವವರಿಂದ ಅವಕ್ಕೆ ಆಗಿರುವ ಕಷ್ಟವೇ ಸಾಕು. ನೋಡಲು ಬಂದ ನಾವೂ ಓಡಿಸಬೇಕಾ?

ಮಳೆಗಾಲದಲ್ಲಿ ಬರಬೇಡ. ಡ್ಯಾಮ್‌ನ ಗೇಟ್ ತೆಗೆದರೆ ಹೊಳೆ ತುಂಬುತ್ತದೆ, ಹರಿಗೋಲು ನಿಲ್ಲಿಸುತ್ತಾರೆ. ಚಳಿಗಾಲ ಒಳ್ಳೆಯದು, ಮರಿಗಳೂ ಇರಬಹುದು. ಹಿಂದಿನ ರಾತ್ರಿಯೇ ನಮ್ಮ ಮನೆಗೆ ಬಂದು ಉಳಿಯಿರಿ, ಹೊತ್ತು ಹುಟ್ಟುವ ಮೊದಲೇ ಆನೆಗೊಂದಿ ದಂಡೆಯಲ್ಲಿ ಇರಬೇಕು. ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ ಅಂತ ನಾನೇ ಮೊದಲು ವಿಚಾರಿಸಿ ಇಡುತ್ತೇನೆ. ಬೈನಾಕ್ಯುಲರ್ ಇದ್ದರೆ ತಾ. ಯಾವ ವಾರ ಅಂತ ಬೇಗ ತಿಳಿಸು.

ನಿನ್ನ ಗೆಳೆಯ,
ವೀರೇಶ