ಆಟಗಳ ಪಟ್ಟಿಯ ಜೊತೆಗೆ ಕೂರುವ ಜಾಗಗಳ ಪಟ್ಟಿಯೂ ಬೇಕು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ತಂದೆ-ತಾಯಂದಿರ ಪ್ರವಾಸದಲ್ಲಿ ಫ್ಲಾರಿಡಾದ ಡಿಸ್ನಿ ವರ್ಲ್ಡ್ ಈಗ ಸಾಮಾನ್ಯವಾಗಿ ಸೇರಿರುತ್ತದೆ. ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಎಂಬ ನಾಲ್ಕು ಪಾರ್ಕ್‌ಗಳು ಅಲ್ಲಿವೆ. ಯಾವ ರೈಡ್ ತಪ್ಪಿಸಬಾರದು, ಯಾವುದಕ್ಕೆ ಬಾಗಿಲು ತೆರೆಯುತ್ತಲೇ ಓಡಬೇಕು ಎಂಬುದನ್ನು ಪ್ರವಾಸ ಪುಟಗಳು ಚೆನ್ನಾಗಿಯೇ ತಿಳಿಸುತ್ತವೆ. ಆದರೆ ಮಧ್ಯಾಹ್ನ ಎರಡರ ಬಿಸಿಲಿನಲ್ಲಿ ಮೊಣಕಾಲು ಹಿಡಿದುಕೊಂಡ ಅಜ್ಜಿಯನ್ನೂ ರಚ್ಚೆ ಹಿಡಿದ ಮಗುವನ್ನೂ ಎಲ್ಲಿ ಕೂರಿಸಬೇಕೆಂದು ಯಾರೂ ಬರೆಯುವುದಿಲ್ಲ. ವಿಶ್ರಾಂತಿಯ ಜಾಗವನ್ನು ಸುಸ್ತಾದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಅದನ್ನೂ ರೈಡ್‌ಗಳಂತೆಯೇ ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಬೇಕು.

ಪಾರ್ಕ್‌ನಲ್ಲಿ ಕೂರಲು ಹಿತವಾದ ಜಾಗಗಳಲ್ಲಿ ಹಲವು ಅಲ್ಲಿನ ಬಾರ್‌ಗಳೇ. ಹೆಸರು ಕೇಳಿದೊಡನೆ ನಮ್ಮ ಕುಟುಂಬಗಳು ದೂರ ಸರಿಯುತ್ತವೆ, ಅದರಿಂದ ಅವರಿಗೇ ನಷ್ಟ. ಲೌಂಜ್ ಎಂದು ಕರೆಯುವ ಇಲ್ಲಿನ ಬಹುತೇಕ ಬಾರ್‌ಗಳಲ್ಲಿ ಮಕ್ಕಳನ್ನು ಕರೆದುಕೊಂಡು ಮೇಜಿನ ಮುಂದೆ ಕೂರಬಹುದು, ಮದ್ಯವಿಲ್ಲದ ಪಾನೀಯಗಳೂ ತಿಂಡಿಯೂ ಸಿಗುತ್ತವೆ. ಕುಡಿಯಲೇಬೇಕೆಂಬ ಒತ್ತಾಯ ಇಲ್ಲ. ಕಥೆಗೆ ತಕ್ಕಂತೆ ಕಟ್ಟಿದ ಕೋಣೆ, ತಂಪು ಗಾಳಿ, ಬೆನ್ನಿಗೆ ಆಸರೆಯಿರುವ ಕುರ್ಚಿ ಒಂದೇ ಕಡೆ ಸಿಗುವುದು ಅಲ್ಲಿಯೇ.

ಆದರೆ ಎಲ್ಲ ಬಾರ್‌ಗಳೂ ವಿಶ್ರಾಂತಿಗೆ ತಕ್ಕವಲ್ಲ, ಜನ ಎಡವುವುದೂ ಇಲ್ಲಿಯೇ. ಹಾಲಿವುಡ್ ಸ್ಟುಡಿಯೋಸ್‌ನ ಸ್ಟಾರ್ ವಾರ್ಸ್ ಭಾಗದಲ್ಲಿ 2019ರಲ್ಲಿ ತೆರೆದ ಓಗಾಸ್ ಕ್ಯಾಂಟಿನಾ ಎಲ್ಲರ ಬಾಯಲ್ಲೂ ಇರುವ ಹೆಸರು. ಒಳಗಿನ ಅಲಂಕಾರ, ಸಂಗೀತ ನುಡಿಸುವ ರೋಬಾಟ್ ನಿಜಕ್ಕೂ ನೋಡತಕ್ಕವು. ಆದರೆ ಅಲ್ಲಿ ಹೆಚ್ಚಿನವರಿಗೆ ಸಿಗುವುದು ನಿಂತು ಬಳಸುವ ಎತ್ತರದ ಮೇಜು. ಸದ್ದು ಜೋರು, ಸಮಯದ ಮಿತಿ 45 ನಿಮಿಷ, ಒಬ್ಬರಿಗೆ ಎರಡು ಪಾನೀಯ ಮಾತ್ರ. ಕಾಲುನೋವಿನವರನ್ನು ಅಲ್ಲಿಗೆ ಕರೆದೊಯ್ದರೆ ಇನ್ನೊಂದು ಸಾಲಿನಲ್ಲಿ ನಿಲ್ಲಿಸಿದಂತೆಯೇ. ಬೇರೆ ಬೇರೆ ದೇಶಗಳ ಮಂಟಪಗಳಿರುವ ಎಪ್ಕಾಟ್‌ನಲ್ಲಿ, ಬ್ರಿಟನ್ ಮಂಟಪದ ರೋಸ್ ಅಂಡ್ ಕ್ರೌನ್ ಪಬ್‌ನಲ್ಲೂ ಒಳಗೆ ಆಸನ ಕಡಿಮೆ. ಮೆಕ್ಸಿಕೋ ಮಂಟಪದ ಪಿರಮಿಡ್ಡಿನೊಳಗಿನ ಲಾ ಕಾವಾ ದೆಲ್ ಟೆಕಿಲಾ ಸೊಗಸಾಗಿದ್ದರೂ ಪುಟ್ಟದು, ಹೊತ್ತೇರಿದ ಮೇಲೆ ಹೊರಗೆ ಸಾಲು ಬೆಳೆಯುತ್ತದೆ. ಇವು ನೋಡುವ ಬಾರ್‌ಗಳು. ಕೂರುವ ಬಾರ್‌ಗಳು ಬೇರೆ.

ಕೂರುವ ಬಾರ್‌ಗಳಲ್ಲಿ ಅನಿಮಲ್ ಕಿಂಗ್‌ಡಮ್‌ನ ನೊಮ್ಯಾಡ್ ಲೌಂಜನ್ನು ಮೊದಲಿಗೆ ಇಡಬೇಕು. ಟಿಫಿನ್ಸ್ ರೆಸ್ಟೋರೆಂಟಿನ ಪಕ್ಕದಲ್ಲಿ, ಅವತಾರ್ ಸಿನಿಮಾದ ಲೋಕವಾದ ಪಂಡೋರಾ ಭಾಗದ ಕಡೆಗೆ ಹೋಗುವ ಸೇತುವೆಯ ಹತ್ತಿರ ಇದೆ. ಒಳಗೆ ಸೋಫಾಗಳು, ಹೊರಗೆ ನೀರಿನತ್ತ ಮುಖಮಾಡಿದ ಜಗಲಿ. ಚಾವಣಿಯಿಂದ ಪ್ರಯಾಣಿಕರ ಅನುಭವದ ಮಾತುಗಳನ್ನು ಬರೆದ ಚೀಟಿಗಳು ತೂಗುತ್ತವೆ, ಅವನ್ನು ಓದುತ್ತಲೇ ಅರ್ಧ ಗಂಟೆ ಕಳೆಯಬಹುದು. ಇದರ ಕಷ್ಟ ಒಂದೇ: ವಿಷಯ ಎಲ್ಲರಿಗೂ ತಿಳಿದುಹೋಗಿದೆ. ಊಟದ ಹೊತ್ತಿಗೆ ಬಾಗಿಲಿಗೆ ಹೋದರೆ ಜಾಗ ಸಿಗುವುದು ಅದೃಷ್ಟ. ಅದಕ್ಕೇ ಡಿಸ್ನಿಯ ಮೊಬೈಲ್ ಆ್ಯಪ್‌ನಲ್ಲಿರುವ ಕಾಯುವವರ ಪಟ್ಟಿಯನ್ನು ಬಳಸಲು ಕಲಿಯಬೇಕು.

ಪಾರ್ಕ್‌ಗೆ ಬರುವ ಮೊದಲೇ ಆ್ಯಪ್‌ನಲ್ಲಿ ಖಾತೆ ತೆರೆದು, ಲೊಕೇಶನ್ ಅನುಮತಿ ಕೊಟ್ಟಿರಬೇಕು. ದೂರದ ಹೋಟೆಲಿನಲ್ಲಿ ಕೂತು ಹೆಸರು ಹಚ್ಚಲು ಆಗುವುದಿಲ್ಲ, ಹತ್ತಿರ ಇದ್ದರೆ ಮಾತ್ರ ಪಟ್ಟಿ ತೆರೆದುಕೊಳ್ಳುತ್ತದೆ. ಎಷ್ಟು ಜನ ಎಂದು ಬರೆಯುವಾಗ ಮಡಿಲ ಮಗುವನ್ನೂ ಲೆಕ್ಕಕ್ಕೆ ಹಿಡಿಯಿರಿ, ಇಲ್ಲದಿದ್ದರೆ ಕೊಡುವ ಮೇಜು ಸಾಲುವುದಿಲ್ಲ. ಸರದಿ ಬಂದಾಗ ಫೋನಿಗೆ ಸಂದೇಶ ಬರುತ್ತದೆ, ಬೇಗ ತಲುಪದಿದ್ದರೆ ಹೆಸರು ಬಿಟ್ಟುಹೋಗುತ್ತದೆ. ಹಾಗಾಗಿ ಹೆಸರು ಹಚ್ಚಿದ ಮೇಲೆ ದೀರ್ಘ ಸಾಲಿನ ರೈಡ್‌ಗೆ ನುಗ್ಗಬಾರದು. ಪಟ್ಟಿಯೇ ಮುಚ್ಚಿದೆ ಎಂದು ಕಂಡರೆ ನಿರಾಶೆ ಬೇಡ, ಸ್ವಲ್ಪ ಬಿಟ್ಟು ಮತ್ತೆ ನೋಡಿದರೆ ತೆರೆದಿರುವುದುಂಟು. ಮುಂಗಡ ಬುಕಿಂಗ್ ಇರುವ ಕಡೆ 60 ದಿನ ಮೊದಲೇ ಕಾದಿರಿಸಬಹುದು. ಹೇಳದೆ ಕೇಳದೆ ಹೋಗದಿದ್ದರೆ ಸಾಮಾನ್ಯವಾಗಿ ತಲೆಗೆ 10 ಡಾಲರ್ ದಂಡ ಬೀಳುತ್ತದೆ. ಇಂಟರ್ನೆಟ್ ಇರುವ ಫೋನ್ ಒಬ್ಬರ ಬಳಿ ಮಾತ್ರ ಇದ್ದು, ಅವರೇ ರೈಡ್‌ಗೆ ಹೋಗಿಬಿಟ್ಟರೆ ಹಿರಿಯರಿಗೆ ಸಂದೇಶವೇ ತಲುಪದು. ಕೂರುವವರ ಕೈಯಲ್ಲಿ ಆ ಫೋನ್ ಇರಲಿ.

ಮ್ಯಾಜಿಕ್ ಕಿಂಗ್‌ಡಮ್‌ನ ಕಥೆ ಬೇರೆ. 1971ರಲ್ಲಿ ಬಾಗಿಲು ತೆರೆದ ಈ ಪಾರ್ಕ್‌ನಲ್ಲಿ ಸಾರ್ವಜನಿಕರಿಗೆ 2012ರ ತನಕ ಮದ್ಯವನ್ನೇ ಕೊಡುತ್ತಿರಲಿಲ್ಲ. ಆ ವರ್ಷ ಬಿ ಅವರ್ ಗೆಸ್ಟ್ ರೆಸ್ಟೋರೆಂಟಿನಲ್ಲಿ ಊಟದ ಜೊತೆ ಕೊಡಲು ಶುರುಮಾಡಿದರು. ಕಡಲ್ಗಳ್ಳರ ಕಥೆಯ ಬೀಕ್ ಅಂಡ್ ಬ್ಯಾರೆಲ್ ಎಂಬ ಲೌಂಜ್ ಈ ಪಾರ್ಕ್‌ನ ಅಡ್ವೆಂಚರ್‌ಲ್ಯಾಂಡ್ ಭಾಗದಲ್ಲಿ ಬಂದದ್ದು 2025ರಲ್ಲಿ. ಹೊಸದಾದ್ದರಿಂದ ಅಲ್ಲಿ ಜನಸಂದಣಿ ಇದ್ದೇ ಇರುತ್ತದೆ. ಅದನ್ನೊಂದನ್ನೇ ನೆಚ್ಚಿಕೊಳ್ಳದೆ, ಕೂತು ನೋಡುವ ಪ್ರದರ್ಶನಗಳನ್ನೇ ವಿಶ್ರಾಂತಿಯಾಗಿ ಬಳಸಿಕೊಳ್ಳಿ. ಟುಮಾರೋಲ್ಯಾಂಡ್ ಭಾಗದ ಕ್ಯಾರೊಸೆಲ್ ಆಫ್ ಪ್ರೋಗ್ರೆಸ್ ಸುಮಾರು 20 ನಿಮಿಷ ತಂಪಾದ ರಂಗಮಂದಿರದಲ್ಲಿ ಕೂರಿಸುತ್ತದೆ, ಸಾಲು ಸಾಮಾನ್ಯವಾಗಿ ಚಿಕ್ಕದು. 1964ರ ನ್ಯೂಯಾರ್ಕ್ ವಿಶ್ವಮೇಳಕ್ಕೆ ಮಾಡಿದ ಪ್ರದರ್ಶನ ಅದು: ವೇದಿಕೆ ನಿಂತಲ್ಲೇ ನಿಂತಿದ್ದು ಪ್ರೇಕ್ಷಕರು ಕೂತ ಭಾಗವೇ ಸುತ್ತುತ್ತದೆ. ರೈಡ್‌ಗಳ ಗಡಿಬಿಡಿಯಲ್ಲಿ ಜನ ಇದನ್ನು ಬಿಟ್ಟುಹೋಗುವುದು ಬೇಸರದ ಸಂಗತಿ. ಪಕ್ಕದ ಪೀಪಲ್‌ಮೂವರ್ ಎಂಬ ನಿಧಾನದ ಬಂಡಿ ಹತ್ತು ನಿಮಿಷ ನೆರಳಿನಲ್ಲೇ ಸುತ್ತಾಡಿಸುತ್ತದೆ, ಆದರೆ ಅದನ್ನು ಹತ್ತಲು ಇಳಿಜಾರಿನ ಚಲಿಸುವ ಪಟ್ಟಿಯ ಮೇಲೆ ನಿಲ್ಲಬೇಕು. ಸಮತೋಲದ ತೊಂದರೆ ಇರುವವರಿಗೆ ಬೇಡ. ಕೊಲಂಬಿಯಾ ಹಾರ್ಬರ್ ಹೌಸ್‌ನಲ್ಲಿ ಊಟ ಕೊಂಡು ಮಹಡಿಗೆ ಹೋದರೆ ಕೆಳಗಿನ ಗದ್ದಲ ಮರೆತುಹೋಗುತ್ತದೆ. ರಪುಂಜೆಲ್ ಗೋಪುರದ ಬಳಿಯ ಶೌಚಾಲಯದ ಅಂಗಳದಲ್ಲಿ ಮರದ ಬೊಡ್ಡೆಯಂತೆ ಮಾಡಿದ ಆಸನಗಳಿವೆ, ಅಲ್ಲಿ ಫೋನ್ ಚಾರ್ಜ್ ಮಾಡುವ ಸೌಲಭ್ಯವೂ ಇದೆ.

ಎಪ್ಕಾಟ್‌ನಲ್ಲಿ ದೇಶಗಳ ಮಂಟಪಗಳು ಸರೋವರದ ಸುತ್ತ ಸುಮಾರು 2 ಕಿ.ಮೀ. ಹರಡಿವೆ, ಮರಗಳ ನೆರಳು ಕಡಿಮೆ. ಸುತ್ತಿನ ನಟ್ಟನಡುವೆ ಅಮೆರಿಕನ್ ಅಡ್ವೆಂಚರ್ ಪ್ರದರ್ಶನ ಅರ್ಧ ಗಂಟೆ ಕೂರಿಸುತ್ತದೆ. ಅದರ ಸಮಯ ನೋಡಿಕೊಂಡು ನಡಿಗೆಯನ್ನು ಹೊಂದಿಸಿದರೆ ಸುತ್ತು ಎರಡು ಭಾಗವಾಗುತ್ತದೆ, ಹಿರಿಯರಿಗೂ ಸಾಧ್ಯವಾಗುತ್ತದೆ. ಬಾಹ್ಯಾಕಾಶದ ಕಿಟಕಿಯಿಂದ ಭೂಮಿ ಕಾಣುವಂತೆ ಮಾಡಿರುವ ಸ್ಪೇಸ್ 220 ರೆಸ್ಟೋರೆಂಟಿನ ಲೌಂಜ್‌ಗೆ ಮುಂಗಡ ಕಾದಿರಿಸುವುದೇ ಒಳ್ಳೆಯದು. ಎಪ್ಕಾಟ್‌ನ ಗುರುತಾದ ದೊಡ್ಡ ಗೋಳಾಕಾರದ ಕಟ್ಟಡದ ಹತ್ತಿರದ ಜಿಯೋ-82 ಲೌಂಜ್‌ಗೆ ಮಾತ್ರ ಮಕ್ಕಳಿಗೆ ಪ್ರವೇಶ ಇಲ್ಲ.

ಪಾರ್ಕ್‌ನಿಂದ ಹೊರಗೆ ಹೋಗಿ ದಣಿವಾರಿಸಿಕೊಳ್ಳುವುದೂ ಒಳ್ಳೆಯ ದಾರಿ. ಅದೇ ಟಿಕೆಟ್ಟಿನಲ್ಲಿ ಅದೇ ದಿನ ಮರಳಿ ಒಳಗೆ ಬರಬಹುದು. ಮ್ಯಾಜಿಕ್ ಕಿಂಗ್‌ಡಮ್‌ನಿಂದ ಮೊನೊರೈಲ್ ಹಿಡಿದು ಪಾಲಿನೇಷಿಯನ್ ಹೋಟೆಲಿಗೆ ಹೋದರೆ 2015ರಲ್ಲಿ ತೆರೆದ ಟ್ರೇಡರ್ ಸ್ಯಾಮ್ಸ್ ಎಂಬ ಬಾರ್ ಇದೆ. ಕೆಲವು ಪಾನೀಯ ಹೇಳಿದೊಡನೆ ಕೋಣೆಯಲ್ಲೇ ಗುಡುಗು-ಮಿಂಚು ಬರುತ್ತದೆ, ಗೋಡೆಯ ಮೇಲಿನ ಜ್ವಾಲಾಮುಖಿ ಎದ್ದೇಳುತ್ತದೆ, ಮಕ್ಕಳು ಕುಣಿದಾಡುತ್ತಾರೆ. ಆದರೆ ರಾತ್ರಿ 8ರ ನಂತರ 21 ವರ್ಷ ತುಂಬದವರನ್ನು ಒಳಗೆ ಬಿಡುವುದಿಲ್ಲ. ಕೋಣೆ ತೀರಾ ಚಿಕ್ಕದಾದ್ದರಿಂದ ಮಧ್ಯಾಹ್ನ ತೆರೆಯುವ ಹೊತ್ತಿಗೇ ಅಲ್ಲಿರುವುದು ಕ್ಷೇಮ.

ಮದ್ಯ ತೆಗೆದುಕೊಳ್ಳುವವರು ಎಷ್ಟೇ ವಯಸ್ಸಾದವರಾಗಿರಲಿ, ಮೂಲ ಪಾಸ್‌ಪೋರ್ಟ್ ಜೊತೆಗಿರಬೇಕು, ಫೋನಿನಲ್ಲಿರುವ ಚಿತ್ರವನ್ನು ಒಪ್ಪುವುದಿಲ್ಲ. ಬಿಸಿಲಿನ ನಡುವೆ ಮದ್ಯ ದಣಿವಾರಿಸುವುದಿಲ್ಲ, ಮೈಯ ನೀರನ್ನು ಇನ್ನಷ್ಟು ಕಳೆಯುತ್ತದೆ. ಜೊತೆಜೊತೆಗೆ ನೀರು ಕುಡಿಯಲೇಬೇಕು. ಸೋಡಾ ಯಂತ್ರವಿರುವ ಯಾವ ಆಹಾರ ಕೌಂಟರಿನಲ್ಲೂ ಐಸ್ ಹಾಕಿದ ನೀರನ್ನು ಲೋಟದಲ್ಲಿ ಉಚಿತವಾಗಿ ಕೊಡುತ್ತಾರೆ, ಕೇಳಲು ಸಂಕೋಚ ಬೇಡ. ಲೌಂಜ್ ಬಿಲ್ಲಿಗೆ ತೆರಿಗೆ ಸೇರುತ್ತದೆ, ಅದರ ಮೇಲೆ ಶೇ 18ರಿಂದ 20ರಷ್ಟು ಟಿಪ್ ಕೊಡುವುದು ರೂಢಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಲಾರಿಡಾದಲ್ಲಿ ಮಧ್ಯಾಹ್ನದ ಗುಡುಗುಮಳೆ ಸಾಮಾನ್ಯ. ಮಿಂಚು ಹತ್ತಿರ ಬಂದರೆ ಹೊರಾಂಗಣದ ರೈಡ್‌ಗಳು ನಿಲ್ಲುತ್ತವೆ, ಎಲ್ಲರೂ ಒಮ್ಮೆಗೇ ಸೂರಿನಡಿಗೆ ನುಗ್ಗುತ್ತಾರೆ. ಹಾಲಿವುಡ್ ಸ್ಟುಡಿಯೋಸ್‌ನ ಬೇಸ್‌ಲೈನ್ ಟ್ಯಾಪ್ ಹೌಸ್‌ನಂಥ, ಆಸನಗಳೆಲ್ಲ ಹೆಚ್ಚುಕಡಿಮೆ ಹೊರಗೇ ಇರುವ ಬಾರ್ ಆಗ ಉಪಯೋಗಕ್ಕೆ ಬಾರದು. ಮೋಡ ಕಪ್ಪಾಗುತ್ತಿದ್ದಂತೆಯೇ ಒಳಗಿನ ಜಾಗ ಹಿಡಿಯಬೇಕು, ಮೊದಲ ಹನಿ ಬಿದ್ದ ಮೇಲೆ ಹೊರಟರೆ ತಡವಾಯಿತು.

ನಿಜವಾಗಿಯೂ ಮಲಗಬೇಕಾದಷ್ಟು ಆಯಾಸವಾದರೆ ಬಾರೂ ಬೇಡ, ರಂಗಮಂದಿರವೂ ಬೇಡ. ನಾಲ್ಕೂ ಪಾರ್ಕ್‌ಗಳಲ್ಲಿ ಪ್ರಥಮ ಚಿಕಿತ್ಸಾ ಕೇಂದ್ರಗಳಿವೆ, ಸ್ವಲ್ಪ ಹೊತ್ತು ಒರಗಲು ಮಂಚ ಇದೆ, ಶುಲ್ಕ ಇಲ್ಲ. ಹಾಲೂಡಿಸುವ ತಾಯಂದಿರಿಗೆ ಶಿಶು ಆರೈಕೆ ಕೇಂದ್ರದಲ್ಲಿ ಪ್ರತ್ಯೇಕ ಕೋಣೆ ಇದೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಇವೆರಡೂ ಕ್ರಿಸ್ಟಲ್ ಪ್ಯಾಲೇಸ್ ರೆಸ್ಟೋರೆಂಟಿನ ಪಕ್ಕದಲ್ಲೇ ಸಿಗುತ್ತವೆ. ಮುಂದಿನ ಬಾರಿ ಪ್ರವಾಸ ಪುಟದಲ್ಲಿ ಡಿಸ್ನಿ ನಕ್ಷೆ ಅಚ್ಚಾಗುವಾಗ ಕೋಟೆಯ ಚಿತ್ರದ ಜೊತೆಗೆ ಈ ಜಾಗಗಳಿಗೂ ಗುರುತು ಹಾಕಿ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಓದುಗ