ಎಕ್ಕದ ಜೋಡಿ ಸೋತರೆ ಆಡಿದವನ ತಪ್ಪೇ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಪೋಕರ್ ಟೂರ್ನಿಗಳ ಬಗ್ಗೆ ಬಂದ ಲೇಖನ ಓದಿದೆ. ಕನ್ನಡದಲ್ಲಿ ಈ ಆಟದ ಬಗ್ಗೆ ಬರೆಯುವವರೇ ಕಡಿಮೆ. ಹಾಗಾಗಿ ಖುಷಿಯಿಂದಲೇ ಓದಲು ಕೂತೆ. ಆದರೆ 2010ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ ಮ್ಯಾಟ್ ಆಫ್ಲೆಕ್ ಎಂಬ ಆಟಗಾರ ಸೋತ ಕೈಯನ್ನು (ಒಂದು ಸುತ್ತಿನ ಆಟಕ್ಕೆ ಕೈ ಎನ್ನುತ್ತಾರೆ) ದುರಾಸೆಗೆ ಉದಾಹರಣೆಯಾಗಿ ಕೊಟ್ಟಿದ್ದು ನೋಡಿ ಬೇಜಾರಾಯಿತು. ಎಕ್ಕದ ಜೋಡಿಗೆ ಅಂಟಿಕೊಂಡ, ಅದಕ್ಕೇ ಹೊರಬಿದ್ದ ಎನ್ನುವುದು ಲೇಖಕರ ತೀರ್ಮಾನ. ಇದು ಆ ಹುಡುಗನಿಗೆ ಮಾಡಿದ ಅನ್ಯಾಯ. ಈ ಆಟ ಕಲಿಯುತ್ತಿರುವ ನಿಮ್ಮ ಓದುಗರಿಗೂ ಅದರಿಂದ ತಪ್ಪು ಪಾಠ ಹೋಗುತ್ತದೆ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು: ಪ್ರತಿಯೊಬ್ಬರ ಕೈಗೆ ಎರಡೆಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದೆಲೆ. ಅವುಗಳಲ್ಲಿ ಮೊದಲು ಒಟ್ಟಿಗೆ ಬೀಳುವ ಮೂರಕ್ಕೆ ಫ್ಲಾಪ್ ಎನ್ನುತ್ತಾರೆ, ಉಳಿದೆರಡು ಒಂದೊಂದಾಗಿ ಬೀಳುತ್ತವೆ. ಅಲ್ಲಿ ನಡೆದದ್ದು ಇಷ್ಟು. ಲಾಸ್ ವೇಗಸ್‌ನ ಆ ಟೂರ್ನಿಯಲ್ಲಿ 7,319 ಜನ ಆಡಿದ್ದರು. ಉಳಿದವರು 15 ಜನ. ಕೆನಡಾದ ಜೊನಾಥನ್ ಡುಹಮೆಲ್ ಕೈಯಲ್ಲಿ ಗುಲಾಮರ ಜೋಡಿ, ಆಫ್ಲೆಕ್ ಕೈಯಲ್ಲಿ ಎಕ್ಕದ ಜೋಡಿ. ಡುಹಮೆಲ್ ರೈಸ್ ಮಾಡಿದ, ಅಂದರೆ ಕಟ್ಟುವ ಮೊತ್ತ ಏರಿಸಿದ. ಆಫ್ಲೆಕ್ ಮೇಲೆ ರೈಸ್ ಮಾಡಿದ. ಡುಹಮೆಲ್ ಇನ್ನೂ ಏರಿಸಿದ. ಆಗ ಆಫ್ಲೆಕ್ ಎಲ್ಲ ಚಿಪ್ಸ್ ನೂಕಲಿಲ್ಲ, ಸುಮ್ನೆ ಕಾಲ್ ಮಾಡಿದ, ಅಂದರೆ ಎದುರಿನವನು ಕಟ್ಟಿದಷ್ಟೇ ಕಟ್ಟಿದ. ಫ್ಲಾಪ್‌ನಲ್ಲಿ ಹತ್ತು, ಒಂಬತ್ತು, ಏಳು ಬಿತ್ತು. ಆಫ್ಲೆಕ್ 50 ಲಕ್ಷ ಚಿಪ್ಸ್ ಕಟ್ಟಿದ, ಡುಹಮೆಲ್ ಕಾಲ್ ಮಾಡಿದ. ನಾಲ್ಕನೇ ಎಲೆ ರಾಣಿ. ಆಫ್ಲೆಕ್ ಆಲ್ ಇನ್, ಇದ್ದ ಚಿಪ್ಸ್ ಎಲ್ಲ ಕಟ್ಟಿದ. ಡುಹಮೆಲ್ ಬಹಳ ಹೊತ್ತು ಯೋಚಿಸಿ ಕಾಲ್ ಮಾಡಿದ. ಪಾಟ್, ಅಂದರೆ ಗೆದ್ದವನಿಗೆ ಸೇರುವ ಒಟ್ಟು ಮೊತ್ತ, 4 ಕೋಟಿ ಚಿಪ್ಸ್ ದಾಟಿತು. ಕೊನೆಯ ಎಲೆ ಎಂಟು. ಡುಹಮೆಲ್‌ಗೆ ಎಂಟರಿಂದ ರಾಣಿಯವರೆಗೆ ಐದೆಲೆಯ ಸಾಲು ಕೂಡಿತು, ಸಾಲು ಜೋಡಿಗಿಂತ ದೊಡ್ಡದು. ಆಫ್ಲೆಕ್ ಕಣ್ಣು ತುಂಬಿಕೊಂಡು ಹೊರನಡೆದ. ಡುಹಮೆಲ್ ಮುಂದೆ ಆ ಟೂರ್ನಿಯನ್ನೇ ಗೆದ್ದು ಸುಮಾರು 89 ಲಕ್ಷ ಡಾಲರ್ ಪಡೆದ.

ಈಗ ಲೆಕ್ಕ ಹಾಕೋಣ. ಕೊನೆಯ ಎಲೆಗೆ ಮೊದಲು ಇಬ್ಬರ ಎರಡೆರಡು ಎಲೆ, ಮೇಜಿನ ಮೇಲಿನ ನಾಲ್ಕು ಎಲೆ ತೆಗೆದರೆ ಉಳಿಯುವುದು 44. ಡುಹಮೆಲ್‌ನನ್ನು ಉಳಿಸಬಲ್ಲ ಎಲೆಗಳು ನಾಲ್ಕು ಎಂಟು, ನಾಲ್ಕು ರಾಜ, ಉಳಿದ ಎರಡು ಗುಲಾಮ. ಒಟ್ಟು 10. ಮಿಕ್ಕ 34 ಎಲೆಗಳಲ್ಲಿ ಯಾವುದು ಬಿದ್ದರೂ ಪಾಟ್ ಆಫ್ಲೆಕ್‌ನದು. ಅಂದರೆ ಚಿಪ್ಸ್ ಪೂರ್ತಿ ಒಳಗೆ ಹೋದಾಗ ನೂರರಲ್ಲಿ 77 ಪಾಲು ಅವನ ಕಡೆಗಿತ್ತು. ಇದಕ್ಕಿಂತ ಚೆನ್ನಾಗಿ ಆಡಲು ಯಾರಿಂದ ಆಗುತ್ತೆ ಹೇಳಿ? ಫಲಿತಾಂಶ ನೋಡಿ ಆಟವನ್ನು ಅಳೆಯುವ ಚಟ ಕ್ರಿಕೆಟ್ ಬರಹದಲ್ಲೂ ಇದೆ. ಪೋಕರ್‌ನಲ್ಲಿ ಅದು ಇನ್ನೂ ಜಾಸ್ತಿ ಹಾನಿ ಮಾಡುತ್ತದೆ.

ಲೇಖನದ ಕೊನೆಯಲ್ಲಿ ಒಂದು ಸಲಹೆಯೂ ಇತ್ತು. ಎದುರಾಳಿ ಪದೇ ಪದೇ ರೈಸ್ ಮಾಡುವವನಾದರೆ ದೊಡ್ಡ ಜೋಡಿಯನ್ನು ಮುಚ್ಚಿಟ್ಟು ಕೊನೆತನಕ ಚೆಕ್ ಮಾಡುತ್ತಾ (ಏನೂ ಕಟ್ಟದೆ ಸರದಿ ಬಿಡುತ್ತಾ) ಹೋಗಿ, 1988ರ ವರ್ಲ್ಡ್ ಸೀರೀಸ್‌ನಲ್ಲಿ ಜಾನಿ ಚಾನ್ ಎರಿಕ್ ಸೈಡಲ್‌ಗೆ ಬಲೆ ಹಾಕಿದ ಹಾಗೆ, ಎಂದು. ಚಾನ್ ಆಟ ನನಗೂ ಬಲು ಇಷ್ಟ. ಆದರೆ ಅವನ ಕೈಯಲ್ಲಿದ್ದದ್ದು ಜೋಡಿಯೇ ಅಲ್ಲವಲ್ಲ. ಗುಲಾಮ ಮತ್ತು ಒಂಬತ್ತು ಇತ್ತು, ಫ್ಲಾಪ್‌ನಲ್ಲಿ ರಾಣಿ, ಹತ್ತು, ಎಂಟು ಬಿತ್ತು. ಐದೆಲೆಯ ಸಾಲು ಆಗಲೇ ಸಿದ್ಧ. ಸೈಡಲ್ ಹತ್ತಿರ ರಾಣಿ ಮತ್ತು ಏಳು. ಅವನು ಹಿಂದಿನಿಂದ ಬಂದು ಗೆಲ್ಲುವ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಅಂಥ ಕೈಯಲ್ಲಿ ಎಷ್ಟು ಬೇಕಾದರೂ ಕಾಯಬಹುದು. ಒಂದು ಜೋಡಿಯ ಕಥೆ ಬೇರೆ. ಸುಮ್ಮನೆ ಕೂತಷ್ಟೂ ಎದುರಿನವನಿಗೆ ಪುಕ್ಕಟೆ ಎಲೆ ಸಿಗುತ್ತಾ ಹೋಗುತ್ತದೆ.

ಇನ್ನೂ ದೊಡ್ಡ ಅಪಾಯ ಎಂದರೆ ಜನ ಸೇರುವುದು. ಎದುರಿಗೆ ಒಬ್ಬನೇ ಇದ್ದು ಅವನ ಕೈಯಲ್ಲಿ ಯಾವ ಎಲೆಗಳಾದರೂ ಇರಬಹುದು ಎಂದಾದರೆ ಎಕ್ಕದ ಜೋಡಿ ನೂರರಲ್ಲಿ 85 ಸಲ ಗೆಲ್ಲುತ್ತದೆ. ಐದು ಜನ ಕೊನೆತನಕ ಎದುರು ನಿಂತರೆ ಅರ್ಧದಷ್ಟೂ ಇಲ್ಲ. ಹಾಗಾಗಿ ಮೇಜಿನ ಮೇಲೆ ಎಲೆ ಬೀಳುವ ಮುನ್ನ ಮೆತ್ತಗೆ ಆಡುವುದಾದರೆ ಎದುರಾಳಿ ಒಬ್ಬನೇ ಇರಬೇಕು. ಬಿಸಿ ತಲೆಯವನು ಒಬ್ಬ ರೈಸ್ ಮಾಡಿ, ಅವನ ಹಿಂದೆ ಇಬ್ಬರು ಕಾಲ್ ಮಾಡಿದ್ದಾರಾ? ದಯವಿಟ್ಟು ಜೋರಾಗಿ ಏರಿಸಿ. ಇಲ್ಲಿ ಎರಡು ಮಾತಿಲ್ಲ.

ನಾನು ಹುಬ್ಬಳ್ಳಿಯವನು. ಕಾಲೇಜಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತನಾದೆ. ಹಳೆಯ ಸಹೋದ್ಯೋಗಿಗಳು, ಕೆಲವು ಹಳೆಯ ವಿದ್ಯಾರ್ಥಿಗಳು ಸೇರಿ ರಜೆಯ ದಿನ ನಮ್ಮ ಮನೆಯಲ್ಲೇ ಟೂರ್ನಿ ಆಡುತ್ತೇವೆ. ಪ್ಲಾಸ್ಟಿಕ್ ಚಿಪ್ಸ್ ಅಷ್ಟೇ, ಹಣ ಕಟ್ಟುವುದಿಲ್ಲ. ಆ ಗುಂಪಿನಲ್ಲಿ ಒಬ್ಬ ಹುಡುಗ ಇದ್ದಾನೆ, ನನ್ನ ವಿದ್ಯಾರ್ಥಿ. ತನ್ನ ಸರದಿ ಬರುವ ಮೊದಲೇ ಚಿಪ್ಸ್ ಎಣಿಸಿ ಇಟ್ಟುಕೊಂಡಿರುತ್ತಾನೆ. ಯೋಚನೆಗೆ ಕೂತರೆ "ಸರ್, ಲಗೂ ಆಡ್ರಿ" ಎನ್ನುತ್ತಾನೆ. ಇಂಥವರ ಎದುರು ದೊಡ್ಡ ಜೋಡಿ ಹೇಗೆ ಆಡಬೇಕು ಎನ್ನುವುದಕ್ಕೆ ಅವನ ಜೊತೆ ಆಡಿದ ಒಂದು ಕೈ ಹೇಳುತ್ತೇನೆ.

ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಇಡಬೇಕಾದ ಚಿಪ್ಸ್, 500 ಮತ್ತು 1,000. ನಾನು ದೊಡ್ಡ ಬ್ಲೈಂಡ್, ನನ್ನ ಮುಂದೆ 40,000, ಅವನ ಹತ್ತಿರ ಅದಕ್ಕಿಂತ ಜಾಸ್ತಿ. ಅವನು ಬಟನ್‌ನಿಂದ (ಫ್ಲಾಪ್ ಆದ ಮೇಲೆ ಕೊನೆಗೆ ಆಡುವ ಜಾಗ) 2,500ಕ್ಕೆ ರೈಸ್ ಮಾಡಿದ. ಚಿಕ್ಕ ಬ್ಲೈಂಡ್ ಕೈಬಿಟ್ಟರು. ನನ್ನ ಹತ್ತಿರ ರಾಣಿಯರ ಜೋಡಿ. 9,000ಕ್ಕೆ ಏರಿಸಿದೆ. ಅವನು ಕಾಲ್ ಮಾಡಿದ. ಫ್ಲಾಪ್‌ನಲ್ಲಿ ರಾಜ, ಏಳು, ಎರಡು, ಮೂರೂ ಬೇರೆ ಬೇರೆ ಜಾತಿಯ (ಇಸ್ಪೀಟು, ಆಟೀನು ಥರ) ಎಲೆ. ರಾಜ ಕಂಡ ಕೂಡಲೇ ಬಹಳ ಜನ ರಾಣಿಯರನ್ನು ಎಸೆಯಲು ತಯಾರಾಗುತ್ತಾರೆ. ಆದರೆ ರಾಣಿಯರ ಜೋಡಿ ಇದ್ದಾಗ ಫ್ಲಾಪ್‌ನಲ್ಲಿ ಎಕ್ಕವೋ ರಾಜನೋ ಬೀಳುವುದು ನೂರರಲ್ಲಿ 41 ಸಲ. ಗುಲಾಮರ ಜೋಡಿ ಇದ್ದರೆ ಮೇಲಿನ ಎಲೆ ಬೀಳುವುದು 57 ಸಲ. ಪ್ರತಿ ಸಲವೂ ಹೆದರಿದರೆ ಈ ಜೋಡಿಗಳು ಬಂದೂ ಪ್ರಯೋಜನವಿಲ್ಲ.

ನಾನು ಚೆಕ್ ಮಾಡಿದೆ. ಅವನು 6,000 ಕಟ್ಟಿದ, ಕಾಲ್ ಮಾಡಿದೆ. ಪಾಟ್‌ನಲ್ಲಿ 30,500, ನನ್ನ ಮುಂದೆ 25,000. ನಾಲ್ಕನೇ ಎಲೆ ನಾಲ್ಕು. ಮತ್ತೆ ಚೆಕ್ ಮಾಡಿದೆ. ಅವನು ಆಲ್ ಇನ್ ಅಂದ. ನನ್ನ ಯೋಚನೆ ಹೀಗಿತ್ತು. ಎಕ್ಕ ರಾಜ ಇದ್ದಿದ್ದರೆ ಈ ಹುಡುಗ ಎಲೆ ಬೀಳುವ ಮೊದಲೇ ಇನ್ನೊಮ್ಮೆ ಏರಿಸುತ್ತಿದ್ದ, ಅವನು ಯಾವಾಗಲೂ ಹಾಗೇ. 25,000 ಹಾಕಿದರೆ ಒಟ್ಟು 80,500 ಆಗುತ್ತದೆ. ಮೂರು ಸಲಕ್ಕೆ ಒಂದು ಸಲ ಗೆದ್ದರೂ ಕಾಲ್ ಲಾಭವೇ. ಕಾಲ್ ಮಾಡಿದೆ. ಅವನ ಹತ್ತಿರ ಗುಲಾಮ ಮತ್ತು ಹತ್ತು, ಬರೀ ಬ್ಲಫ್, ಸುಳ್ಳು ಬೆದರಿಕೆ.

ಎಲೆ ಬೀಳುವ ಮುನ್ನ ನಾನು ಮುಚ್ಚಿಟ್ಟು ಆಡಲಿಲ್ಲ. ಏರಿಸಿ ಪಾಟ್ ದೊಡ್ಡದು ಮಾಡಿದೆ. ಫ್ಲಾಪ್ ಆದ ಮೇಲೆ ಕಟ್ಟುವ ಕೆಲಸ ಅವನಿಗೆ ಬಿಟ್ಟೆ. ರಾಜ ಬಿದ್ದ ಮೇಲೆ ನಾನೇ ದೊಡ್ಡದಾಗಿ ಕಟ್ಟಿದ್ದರೆ ಗುಲಾಮ-ಹತ್ತು ಆಗಲೇ ಎದ್ದು ಹೋಗುತ್ತಿತ್ತು, ರಾಜ ಇದ್ದವನು ಮಾತ್ರ ಉಳಿಯುತ್ತಿದ್ದ. ಅದೇ ಹತ್ತು ಒಂಬತ್ತು ಏಳರ ಥರದ ಫ್ಲಾಪ್ ಬಿದ್ದಿದ್ದರೆ ನಾನು ಚೆಕ್ ಮಾಡುತ್ತಿರಲಿಲ್ಲ. ಅಲ್ಲಿ ಎದುರಾಳಿಗೆ ಬೇಕಾದ ಎಲೆಗಳು ಬಹಳ. ಆಫ್ಲೆಕ್ ಅಲ್ಲಿ 50 ಲಕ್ಷ ಕಟ್ಟಿದ್ದು ಅದಕ್ಕೇ. ಎಲೆ ಬೀಳುವ ಮುನ್ನ ಕಾಲ್ ಮಾಡಿ ಡುಹಮೆಲ್‌ನನ್ನು ಆಟದಲ್ಲಿ ಉಳಿಸಿಕೊಂಡ, ಬಿದ್ದ ಮೇಲೆ ಬೆಲೆ ಕೇಳಿದ. ಎರಡೂ ಸರಿಯೇ.

ದೊಡ್ಡ ಬ್ಲೈಂಡ್‌ನ ಹತ್ತೋ ಹನ್ನೆರಡೋ ಪಟ್ಟು ಮಾತ್ರ ಚಿಪ್ಸ್ ಉಳಿದಿದ್ದರೆ ಈ ಯಾವ ತರ್ಕವೂ ಬೇಡ, ನೇರ ಆಲ್ ಇನ್. ಎಕ್ಕದ ಜೋಡಿ ಇರಬಹುದು ಎಂಬ ಭಯಕ್ಕೆ ರಾಜರ ಜೋಡಿ ಎಸೆಯುವವರನ್ನೂ ನೋಡಿದ್ದೇನೆ. ಎದುರಿಗೆ ಒಬ್ಬನೇ ಇದ್ದಾಗ ಅವನ ಕೈಗೆ ಎಕ್ಕದ ಜೋಡಿ ಬಂದಿರುವ ಸಾಧ್ಯತೆ 204ರಲ್ಲಿ 1. ಎರಡು ತಾಸಿನಿಂದ ಒಂದೂ ಕೈ ಆಡದೆ ಕೂತವನು ಹಠಾತ್ತನೆ ಏರಿಸಿದರೆ ಯೋಚಿಸಬೇಕು. ಪ್ರತಿ ಕೈಯಲ್ಲೂ ಏರಿಸುವವನ ಎದುರು ಎಸೆಯಬಾರದು.

ಇದೆಲ್ಲ ಪತ್ರಿಕೆಗೆ ಯಾಕೆ ಎಂದು ಕೆಲವರು ಕೇಳಬಹುದು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳಿಗೆ ನಿಷೇಧ ಬಿದ್ದಿದೆ. ಫೋನಿನಲ್ಲಿ ಸಾಲ ಮಾಡಿ ಆಡಿ ಮನೆ ಹಾಳು ಮಾಡಿಕೊಂಡವರ ಸಂಕಟ ದೊಡ್ಡದು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆಟದಲ್ಲಿ ಇರುವ ಲೆಕ್ಕವನ್ನು ಅದೃಷ್ಟ, ದುರಾಸೆ ಎಂದು ಬರೆದರೆ ಹುಡುಗರಿಗೆ ಅದೃಷ್ಟದ ಮೇಲೇ ನಂಬಿಕೆ ಬೆಳೆಯುತ್ತದೆ. ಬೆಂಗಳೂರಿನ ಸಂತೋಷ್ ಸುವರ್ಣ 2024ರಲ್ಲಿ ಲಾಸ್ ವೇಗಸ್‌ನ ಎರಡೂವರೆ ಲಕ್ಷ ಡಾಲರ್ ಪ್ರವೇಶ ಶುಲ್ಕದ ಟೂರ್ನಿ ಗೆದ್ದು 54 ಲಕ್ಷ ಡಾಲರ್ ಪಡೆದರು. ನಮ್ಮವರೊಬ್ಬರು ಆ ಮಟ್ಟದಲ್ಲಿ ಆಡಿರುವಾಗ ನಮ್ಮ ಪತ್ರಿಕೆಗಳ ಬರಹವೂ ಅಷ್ಟು ಗಟ್ಟಿ ಇರಬೇಕು ಅಲ್ವಾ?

ಆಫ್ಲೆಕ್ ಬಗ್ಗೆ ಒಂದು ತಿದ್ದುಪಡಿ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಮುಂದೆ ಯಾವುದೇ ಕೈಯನ್ನು ಅಚ್ಚು ಹಾಕುವಾಗ ಬ್ಲೈಂಡ್ ಎಷ್ಟಿತ್ತು, ಯಾರ ಮುಂದೆ ಎಷ್ಟು ಚಿಪ್ಸ್ ಇತ್ತು, ಯಾರು ಯಾವ ಜಾಗದಿಂದ ರೈಸ್ ಮಾಡಿದರು ಎನ್ನುವುದನ್ನೂ ಜೊತೆಗೆ ಕೊಡಿ. ಅಷ್ಟಿದ್ದರೆ ಉಳಿದ ಲೆಕ್ಕವನ್ನು ಓದುಗರೇ ಹಾಕಿಕೊಳ್ಳುತ್ತಾರೆ.

ಇಂತಿ ನಿಮ್ಮ ಓದುಗ,
ನಿವೃತ್ತ ಗಣಿತ ಉಪನ್ಯಾಸಕ,
ವಿದ್ಯಾನಗರ, ಹುಬ್ಬಳ್ಳಿ